ಎನ್‌ಸಿಎಎ ಕುಸ್ತಿ: ಫೈನಲ್ ಶುರುವಾಗೋ ಮೊದಲೇ ತಂಡದ ಪ್ರಶಸ್ತಿ ಯಾರಿಗೆ ಅಂತ ಹೇಗೆ ಹೇಳ್ತಾರೆ?

ಕೂಡಿ_ಕಳೆದವ:

ಅಮೆರಿಕದ ಕಾಲೇಜು ಕ್ರೀಡೆ ನಡೆಸೋ ಎನ್‌ಸಿಎಎಯ ಡಿವಿಷನ್ 1 (ಮೇಲಿನ ಹಂತ) ಕುಸ್ತಿ ಟೂರ್ನಿಯ ತಂಡದ ಅಂಕಗಳನ್ನ ಸ್ಪ್ರೆಡ್‌ಶೀಟಲ್ಲಿ ಹಾಕ್ತಾ ಹೋದರೆ ಅಧಿಕೃತ ಪಟ್ಟಿಗೆ ತಾಳೆನೇ ಆಗ್ತಿಲ್ಲ. ಎರಡು ಕಡೆ ಸಿಕ್ಕಿಹಾಕ್ಕೊಂಡಿದೆ.

ಒಂದು. 5ನೇ ಸೀಡ್ (ಟೂರ್ನಿಗೆ ಮುಂಚೆ ಕೊಡೋ ಶ್ರೇಯಾಂಕ) ಹುಡುಗನೊಬ್ಬ ಅಂತ ಇಟ್ಕೊಳ್ಳಿ. ಮೊದಲ ಸುತ್ತು ಮಾಮೂಲಿ ಡಿಸಿಷನ್ (8ಕ್ಕಿಂತ ಕಮ್ಮಿ ಅಂತರದ ಗೆಲುವು), ಎರಡನೇ ಸುತ್ತು ಮೇಜರ್ (8ರಿಂದ 14ರ ಅಂತರದ ಗೆಲುವು), ಕ್ವಾರ್ಟರ್‌ಫೈನಲ್ ಮತ್ತೆ ಡಿಸಿಷನ್. ಗೆಲುವಿಗೆ 1ರಂತೆ 3, ಮೇಜರ್‌ಗೆ ಇನ್ನೊಂದು, ಒಟ್ಟು 4 ಅನ್ನುತ್ತೆ ನನ್ನ ಹಾಳೆ. ಅಧಿಕೃತ ಲೆಕ್ಕದಲ್ಲಿ ಇಂಥವನಿಗೆ 10. ಆ 6 ಎಲ್ಲಿಂದ ಬಂತು?

ಎರಡು. ಶನಿವಾರ ಬೆಳಗಿನ ಸೆಷನ್ ಮುಗಿದಾಗ ‘ಎ’ ತಂಡ 13.5 ಅಂಕ ಮುಂದಿದೆ, ಆದರೆ ಫೈನಲ್‌ನಲ್ಲಿ ಅವರವರು ಒಬ್ಬರೂ ಇಲ್ಲ. ‘ಬಿ’ ತಂಡದವರು ಇಬ್ಬರು ಫೈನಲ್‌ನಲ್ಲಿದ್ದಾರೆ. ಇಂಥ ಸ್ಥಿತಿಯಲ್ಲೂ ಕಾಮೆಂಟರಿಯವರು ಪ್ರಶಸ್ತಿ ‘ಎ’ಗೆ ಖಾತ್ರಿ ಅಂದುಬಿಡ್ತಾರೆ. ಚಾಂಪಿಯನ್‌ಗೆ 16 ಅಂಕ ಅಲ್ವಾ? ಇಬ್ಬರೂ ಗೆದ್ದರೆ 32 ಆಗ್ಬೇಕಲ್ಲ?

ಮ್ಯಾಟ್ ಸೈಡ್:

ಎರಡಕ್ಕೂ ಉತ್ತರ ಒಂದೇ. ಸ್ಥಾನದ ಅಂಕಗಳನ್ನ ಕೊನೇಲಿ ಒಟ್ಟಿಗೆ ಕೊಡಲ್ಲ. ಯಾವ ಸ್ಥಾನ ಖಾತ್ರಿ ಆಯ್ತೋ ಅದರ ಅಂಕ ಆ ಗಳಿಗೆಗೇ ತಂಡದ ಖಾತೆಗೆ ಬೀಳುತ್ತೆ.

ಸ್ಥಾನದ ಅಂಕ ಹೀಗಿದೆ: 1ನೇ ಸ್ಥಾನಕ್ಕೆ 16, ಆಮೇಲೆ ಕ್ರಮವಾಗಿ 12, 10, 9, 7, 6, 4, ಎಂಟನೆಯವನಿಗೆ 3. ಅದರಿಂದಾಚೆಗೆ ಸೊನ್ನೆ. ಈಗ ನಿಮ್ಮ 5ನೇ ಸೀಡ್ ಹುಡುಗನನ್ನ ನೋಡಿ. ಕ್ವಾರ್ಟರ್ ಗೆದ್ದು ಸೆಮಿಫೈನಲ್‌ಗೆ ಬಂದ ಮೇಲೆ ಉಳಿದದ್ದೆಲ್ಲ ಸೋತರೂ ಅವನು 6ಕ್ಕಿಂತ ಕೆಳಗೆ ಇಳಿಯೋ ಹಾಗಿಲ್ಲ. ಹಾಗಾಗಿ 6ನೇ ಸ್ಥಾನದ 6 ಅಂಕ ಆಗಲೇ ಬಂತು. ನಿಮ್ಮ 4ಕ್ಕೆ ಆ 6 ಸೇರಿಸಿ, 10.

ಸೆಮಿ ಗೆದ್ದವನಿಗೆ ಕನಿಷ್ಠ 2ನೇ ಸ್ಥಾನ ಖಾತ್ರಿ, ಅಂದ್ರೆ 12. ಅದರಲ್ಲಿ 6 ಆಗಲೇ ಬಂದಿರೋದ್ರಿಂದ ಇನ್ನು 6, ಜೊತೆಗೆ ಗೆಲುವಿನ 1. ಫೈನಲ್ ಗೆದ್ದರೆ 12ರಿಂದ 16ಕ್ಕೆ ಬರೀ 4. ಫೈನಲ್‌ಗೆ ಗೆಲುವಿನ ಆ 1 ಇಲ್ಲ, ಯಾಕಂದ್ರೆ ಮುಂದಕ್ಕೆ ಹೋಗೋಕೆ ಸುತ್ತೇ ಇಲ್ಲ. ಬೋನಸ್ (ದೊಡ್ಡ ಅಂತರದ ಇಲ್ಲಾ ಪಿನ್ ಗೆಲುವಿಗೆ ಸಿಗೋ ಹೆಚ್ಚುವರಿ ಅಂಕ) ಬಿಟ್ಟರೆ ಐದು ಕುಸ್ತಿಗಳ ಬೆಲೆ 1, 1, 7, 7, 4. ಒಟ್ಟು 20. ಐದರಲ್ಲೂ ಪಿನ್ ಮಾಡಿದರೆ (ಎದುರಾಳಿಯನ್ನ ಚಿತ್ ಮಾಡಿದರೆ) ತಲಾ 2ರಂತೆ 10 ಸೇರಿ 30. ಒಬ್ಬ ಕುಸ್ತಿಪಟು ತಂಡಕ್ಕೆ ತರಬಹುದಾದ ಗರಿಷ್ಠ ಅದು.

ನಿಮ್ಮ ಎರಡನೇ ಲೆಕ್ಕಕ್ಕೆ ಬಂದರೆ, ‘ಬಿ’ ತಂಡದ ಇಬ್ಬರಿಗೂ ತಲಾ 12 ಆಗಲೇ ಪಟ್ಟಿಯೊಳಗೆ ಕೂತಿದೆ. ಉಳಿದಿರೋದು ತಲಾ 4, ಪಿನ್ ಆದರೆ 2 ಬೋನಸ್, ಅಂದ್ರೆ 6. ಇಬ್ಬರಿಂದ 12. 13.5 ದಾಟಲ್ಲ. ಶನಿವಾರ ಮಧ್ಯಾಹ್ನ ನೀವೇ ಮಾಡ್ಕೊಳ್ಳಬಹುದಾದ ಲೆಕ್ಕ ಇದು: ಹಿಂದಿರೋ ತಂಡದ ಫೈನಲಿಸ್ಟ್‌ಗಳ ಸಂಖ್ಯೆಯನ್ನ 6ರಿಂದ ಗುಣಿಸಿ. ಮುಂದಿರೋ ತಂಡದ ಅಂತರ ಅದಕ್ಕಿಂತ ಜಾಸ್ತಿ ಇದ್ದರೆ ಸಂಜೆಯ ಸೆಷನ್ ವೈಯಕ್ತಿಕ ಪ್ರಶಸ್ತಿಗಳಿಗೆ ಮಾತ್ರ.

ಬ್ರಾಕೆಟ್ ಹುಚ್ಚು:

ಮೇಲಿನವರು ಹೇಳಿದ್ದು ಸರಿ. ಆದರೆ ಕನ್ಸೊಲೇಶನ್ (ಒಮ್ಮೆ ಸೋತವರು ಆಡೋ ಕೆಳಗಿನ ಬ್ರಾಕೆಟ್, ಅಂದ್ರೆ ಪಂದ್ಯಪಟ್ಟಿ) ಕಡೆ ನೋಡದೆ ತಂಡದ ಲೆಕ್ಕ ಅರ್ಥ ಆಗಲ್ಲ. ಅಲ್ಲಿ ಗೆಲುವಿಗೆ 0.5, ಆದರೆ ಬೋನಸ್‌ನಲ್ಲಿ ಮೇಲಿನ ಬ್ರಾಕೆಟ್‌ಗೂ ಇದಕ್ಕೂ ಭೇದ ಇಲ್ಲ: ಪಿನ್ 2, ಟೆಕ್ ಫಾಲ್ (15 ಅಂಕ ಮುಂದಾದ ಕೂಡಲೇ ಕುಸ್ತಿ ಮುಗಿಯೋದು) 1.5, ಮೇಜರ್ 1.

ಪ್ರತಿ ತೂಕದಲ್ಲಿ 33 ಜನ, 10 ತೂಕ, ಒಟ್ಟು 330. 32 ಮತ್ತು 33ನೇ ಸೀಡ್‌ಗಳು ಮೊದಲು ಪಿಗ್‌ಟೇಲ್ (ಮೊದಲ ಸುತ್ತಿಗೂ ಮುಂಚಿನ ಕುಸ್ತಿ) ಆಡ್ತಾರೆ, ಗೆದ್ದವನಿಗೆ ಎದುರಾಳಿಯಾಗಿ ಸಿಗೋದು 1ನೇ ಸೀಡ್! ಒಂದು ಶಾಲೆಯಿಂದ ಒಂದು ತೂಕಕ್ಕೆ ಒಬ್ಬನೇ.

ಶುಕ್ರವಾರ ರಾತ್ರಿಯ ಬ್ಲಡ್ ರೌಂಡ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಬೆಳಗ್ಗೆ ಕ್ವಾರ್ಟರ್ ಸೋತ ನಾಲ್ವರು, ಕೆಳಗಿನಿಂದ ಹೋರಾಡಿಕೊಂಡು ಬಂದ ನಾಲ್ವರು, ಎದುರುಬದುರು. ಗೆದ್ದವನು ಎಂಟರೊಳಗೆ, ಅಂದ್ರೆ ಆಲ್-ಅಮೆರಿಕನ್. ತಂಡಕ್ಕೆ 3 + 0.5. ಸೋತವನಿಗೆ ಸ್ಥಾನವೂ ಇಲ್ಲ, ಸ್ಥಾನದ ಅಂಕವೂ ಇಲ್ಲ. 1ನೇ ಸೀಡ್ ಬೆಳಗ್ಗೆ ಕ್ವಾರ್ಟರ್‌ನಲ್ಲಿ ಎಡವಿ ಸಂಜೆ ಇಲ್ಲೂ ಎಡವಿದರೆ ಬರಿಗೈಲಿ ಮನೆಗೆ. ಹಾಗಾಗಿ ಕ್ವಾರ್ಟರ್ ಸೋಲು ಬರೀ 7 ಅಂಕದ ಪೆಟ್ಟಲ್ಲ, ಬಾಕಿ ಇರೋದನ್ನೂ ಜೂಜಿಗಿಟ್ಟ ಹಾಗೆ.

ಅಲ್ಲಿಂದ ಮುಂದೆ ಕನ್ಸೊಲೇಶನ್‌ನಲ್ಲಿ ಒಂದೊಂದು ಮೆಟ್ಟಿಲೂ 3.5. ಮುಂದಿನ ಕುಸ್ತಿ ಗೆದ್ದರೆ 6ನೇ ಸ್ಥಾನ ಖಾತ್ರಿ (3ರಿಂದ 6ಕ್ಕೆ), ಅದರ ಮುಂದಿನದು ಗೆದ್ದರೆ 4ನೇದು (6ರಿಂದ 9ಕ್ಕೆ). ಕಡೆಗೆ 3, 5, 7ನೇ ಸ್ಥಾನದ ಕುಸ್ತಿಗಳಲ್ಲಿ ವ್ಯತ್ಯಾಸ ತಲಾ 1 ಅಂಕ ಅಷ್ಟೇ, ಬೋನಸ್ ಬೇರೆ.

ಚಾಂಪಿಯನ್‌ಗಳನ್ನ ಎಣಿಸಿ ತಂಡದ ಪ್ರಶಸ್ತಿ ಊಹಿಸೋರಿಗೆ 2025ರ ಫಿಲಡೆಲ್ಫಿಯಾ ಟೂರ್ನಿ ತೋರಿಸಿದರೆ ಸಾಕು. ಪೆನ್ ಸ್ಟೇಟ್‌ಗೆ ಇಬ್ಬರು ಚಾಂಪಿಯನ್‌ಗಳು (165 ಪೌಂಡ್ ತೂಕದಲ್ಲಿ ಮಿಚೆಲ್ ಮೆಸೆನ್‌ಬ್ರಿಂಕ್, 184ರಲ್ಲಿ ಕಾರ್ಟರ್ ಸ್ಟಾರೋಚಿ). ನೆಬ್ರಾಸ್ಕಾಗೂ ಇಬ್ಬರು, ಒಕ್ಲಹೋಮಾ ಸ್ಟೇಟ್‌ಗೂ ಇಬ್ಬರು. ಅಂಕ ನೋಡಿದರೆ ಪೆನ್ ಸ್ಟೇಟ್ 177, ಎರಡನೇ ಸ್ಥಾನದ ನೆಬ್ರಾಸ್ಕಾ 117. ಕಾರಣ, ಪೆನ್ ಸ್ಟೇಟ್‌ನ ಹತ್ತಕ್ಕೆ ಹತ್ತೂ ಜನ ಎಂಟರೊಳಗೆ ಬಂದ್ರು. 2001ರ ಮಿನೆಸೋಟ ಇದಕ್ಕಿಂತ ವಿಚಿತ್ರ: ಹತ್ತು ಜನ ಆಲ್-ಅಮೆರಿಕನ್, ಫೈನಲ್‌ನಲ್ಲಿ ಒಬ್ಬನೂ ಇಲ್ಲ, ಆದರೂ ತಂಡದ ಪ್ರಶಸ್ತಿ ಅವರದ್ದೇ.

ಟಾಪ್ ಬಾಟಮ್:

ಸ್ಥಾನದ ಲೆಕ್ಕ ಒಪ್ಪಿದೆ. ಆದರೆ ಇಬ್ಬರೂ ಬೋನಸ್ಸನ್ನ ಉಪ್ಪಿನಕಾಯಿ ತರ ಪಕ್ಕಕ್ಕಿಟ್ಟಿದ್ದೀರಿ. ಪೆನ್ ಸ್ಟೇಟ್ 2024ರಲ್ಲಿ 172.5 ಗಳಿಸಿ, 1997ರಿಂದ ಇದ್ದ ಅಯೋವಾದ 170ರ ದಾಖಲೆ ಮುರಿದದ್ದು ಬರೀ ಡಿಸಿಷನ್‌ಗಳಿಂದ ಆಗೋ ಕೆಲಸ ಅಲ್ಲ.

2023-24ರ ಸೀಸನ್‌ನಿಂದ ಟೇಕ್‌ಡೌನ್‌ಗೆ (ಎದುರಾಳಿಯನ್ನ ಕೆಡವಿ ಹತೋಟಿಗೆ ತಗೊಳ್ಳೋದಕ್ಕೆ) 2ರ ಬದಲು 3 ಆಯ್ತು. ಇದರಿಂದ ಬೋನಸ್ ಎಷ್ಟು ಅಗ್ಗ ಆಯ್ತು ಅಂತ ಕೈಲೆಕ್ಕ ಮಾಡಿ ನೋಡಿ. ಕೆಡವೋದು, ಬಿಟ್ಟುಕೊಡೋದು, ಮತ್ತೆ ಕೆಡವೋದು. ಪ್ರತಿ ಸಲ ಬಿಟ್ಟಾಗ ಎದುರಾಳಿಗೆ ಎಸ್ಕೇಪ್ 1. ಹಳೇ ನಿಯಮದಲ್ಲಿ ಹೀಗೆ 15 ಅಂಕಗಳ ಅಂತರ ಮಾಡಿ ಟೆಕ್ ಫಾಲ್ ಪಡೆಯೋಕೆ 14 ಟೇಕ್‌ಡೌನ್ ಬೇಕಿತ್ತು (28ಕ್ಕೆ 13). ಈಗ 7 ಸಾಕು (21ಕ್ಕೆ 6). ಮೇಜರ್‌ಗೆ ಬೇಕಾದ 8ರ ಅಂತರಕ್ಕೆ ಆಗ 7 ಟೇಕ್‌ಡೌನ್, ಈಗ 4. 3-2-2, ಒಟ್ಟು ಏಳು ನಿಮಿಷದ ಕುಸ್ತಿಯಲ್ಲಿ ಒಳ್ಳೇ ಕಾಲು ಹಿಡಿಯೋನಿಗೆ 7 ಟೇಕ್‌ಡೌನ್ ಕೈಗೆಟುಕದ ಮಾತಲ್ಲ, 14 ಮಾತ್ರ ಕಷ್ಟಸಾಧ್ಯ. ಮೇಲೆ ಕೂತು ಬೆನ್ನು ತಿರುಗಿಸೋ ಗಟ್ಟಿಗನಿಗೆ ದಾರಿ ಇನ್ನೂ ಸಲೀಸು: ಒಂದು ಟೇಕ್‌ಡೌನ್, ಮೂರು ಸಲ 4ರ ನಿಯರ್ ಫಾಲ್ (ಎದುರಾಳಿಯ ಬೆನ್ನನ್ನ ಮ್ಯಾಟ್ ಹತ್ತಿರ ಹಿಡಿದಿಡೋದು), 15 ಆಯ್ತು.

ಇನ್ನು ರೈಡಿಂಗ್ ಟೈಮ್, ಅಂದ್ರೆ ಎದುರಾಳಿಯನ್ನ ಮೇಲಿಂದ ಹತೋಟಿಯಲ್ಲಿಟ್ಟ ಹೊತ್ತು. ನೋಡೋರು ಹೆಚ್ಚಾಗಿ ತಪ್ಪಿಸಿಕೊಳ್ಳೋದು ಇಲ್ಲೇ. ಸ್ಕೋರ್ 12-5, ಉಳಿದಿರೋದು 15 ಸೆಕೆಂಡ್, ನಮ್ಮವನು ಮೇಲೆ, ರೈಡಿಂಗ್ ಗಡಿಯಾರ 0:48. ಇನ್ನು 12 ಸೆಕೆಂಡ್ ಅವನನ್ನ ಅದುಮಿ ಹಿಡಿದರೆ ನಿವ್ವಳ ಒಂದು ನಿಮಿಷ ತುಂಬಿ, ಕೊನೆಗೆ 1 ಅಂಕ ಸೇರಿ 13-5. ಮೇಜರ್, ತಂಡಕ್ಕೆ 1. ಅಷ್ಟರೊಳಗೆ ಕೆಳಗಿನವನು ಎದ್ದು ಕೈ ಬಿಡಿಸಿಕೊಂಡ ಅಂದ್ರೆ 12-6, ರೈಡಿಂಗೂ ಇಲ್ಲ, ಮೇಜರೂ ಇಲ್ಲ. ಆಗ ಮೂಲೇಲಿ ಕೂತ ಕೋಚ್ ಕೂಗೋದು ಒಂದೋ ‘ಹಿಮ್ಮಡಿ ಬಿಡಬೇಡ’ ಅಂತ, ಇಲ್ಲಾ ‘ಬಿಟ್ಟುಬಿಡು, ಮತ್ತೆ ಕೆಡವು’ ಅಂತ. ಬಿಟ್ಟು ಕೆಡವಿದರೆ 15-6, ಮೇಜರ್ ಸಿಗುತ್ತೆ. ಆದರೆ ಸುಸ್ತಾದ ಎದುರಾಳಿ ಮ್ಯಾಟ್ ಅಂಚಿಗೆ ಓಡ್ತಾ 15 ಸೆಕೆಂಡ್ ಕಳೆಯೋದು ಸುಲಭ. ನನ್ನ ಮತ ಹಿಮ್ಮಡಿ ಹಿಡಿಯೋದಕ್ಕೇ. 7 ಅಂಕದ ಅಂತರದಲ್ಲಿ ಮುಗಿಯೋ ಎಷ್ಟೋ ಕುಸ್ತಿಗಳಲ್ಲಿ ತಂಡದ ಅರ್ಧ ದಿನದ ದುಡಿಮೆ ಅಲ್ಲೇ ಸೋರಿಹೋಗುತ್ತೆ.

ಕೂಡಿ_ಕಳೆದವ:

ಸ್ಥಾನದ ಕಾಲಂ ಬೇರೆ ಮಾಡಿದೆ, ಈಗ ಬಹುಪಾಲು ತಾಳೆ ಆಗ್ತಿದೆ. ಕನ್ಸೊಲೇಶನ್ ಗೆಲುವಿಗೂ 1 ಹಾಕಿದ್ದೆ, ಅದನ್ನೂ 0.5 ಮಾಡಿದೆ. ಇನ್ನೆರಡು ಸಂಶಯ. ಮೊದಲ ಸುತ್ತಲ್ಲೇ ಸೋತವನು ತಂಡಕ್ಕೆ ಇನ್ನು ದಂಡ ಅಂತ ಲೆಕ್ಕದಿಂದ ತೆಗೆದುಬಿಡಬಹುದಾ? ಮತ್ತೆ ಗಾಯ ಆಗಿ ಕಣಕ್ಕೇ ಇಳಿಯದಿದ್ರೆ ಏನು ಬರೀಬೇಕು?

ಬ್ರಾಕೆಟ್ ಹುಚ್ಚು:

ಖಂಡಿತ ತೆಗೀಬೇಡಿ. ಗುರುವಾರ ಬೆಳಗ್ಗೆ ಸೋತವನು ಸತತ ಏಳು ಗೆದ್ದರೆ ಮೂರನೇ ಸ್ಥಾನ. ಮೂರನೇ ಸ್ಥಾನದ ಕುಸ್ತಿ ಬಿಟ್ಟು ಉಳಿದ ಆರಕ್ಕೆ 0.5ರಂತೆ 3, ಸ್ಥಾನಕ್ಕೆ 10, ಒಟ್ಟು 13. ಸೆಮಿವರೆಗೆ ಬಂದು ಸೋತು ಅದೇ ಮೂರನೇ ಸ್ಥಾನಕ್ಕೆ ಬಂದವನಿಗೆ 3 + 0.5 + 10 = 13.5. ಇಷ್ಟು ಬೇರೆ ಬೇರೆ ದಾರಿ, ವ್ಯತ್ಯಾಸ ಅರ್ಧ ಅಂಕ. ಅದೂ ಮೊದಲನೆಯವನಿಗೆ ಬೋನಸ್ ಹೊಡೆಯೋಕೆ ಏಳು ಗೆಲುವು, ಎರಡನೆಯವನಿಗೆ ಐದೇ. ಏಳು ಗೆಲ್ಲೋರು ವಿರಳ ಅನ್ನೋದು ನಿಜ. ಆದರೆ ನಾಲ್ಕು ಗೆದ್ದು ಎಂಟರೊಳಗೆ ನುಗ್ಗಿದರೂ 2 + 3, ಕನಿಷ್ಠ 5 ಅಂಕ. ಬಿಗಿಯಾದ ವರ್ಷದಲ್ಲಿ ಅದು ಒಂದು ಫೈನಲ್ ಗೆಲುವಿಗಿಂತ ಜಾಸ್ತಿ.

ಮ್ಯಾಟ್ ಸೈಡ್:

ಗಾಯದ ವಿಷಯ: ಮೆಡಿಕಲ್ ಫೋರ್‌ಫೀಟ್ ಅಂದ್ರೆ ಎದುರಾಳಿಗೆ ಮುಂದಕ್ಕೆ ಹೋದ ಅಂಕದ ಜೊತೆ ಪಿನ್‌ಗೆ ಸಮನಾದ 2 ಬೋನಸ್. ಇಳಿಯದವನಿಗೆ ಹೊಸದಾಗಿ ಏನೂ ಸೇರಲ್ಲ, ಆದರೆ ಆಗಲೇ ಖಾತ್ರಿಯಾದ ಸ್ಥಾನದ ಅಂಕ ಕಳೆಯಲ್ಲ. 2023ರಲ್ಲಿ ಟಲ್ಸಾದಲ್ಲಿ ಅಯೋವಾದ ಸ್ಪೆನ್ಸರ್ ಲೀ 125ರ ಸೆಮಿಯಲ್ಲಿ ಪರ್ಡ್ಯೂನ ಮ್ಯಾಟ್ ರಾಮೋಸ್‌ಗೆ ಕೊನೇ ಗಳಿಗೆಯಲ್ಲಿ ಚಿತ್ ಆದ. ಆಮೇಲೆ ಕಣಕ್ಕಿಳಿಯಲಿಲ್ಲ. ದಾಖಲೆಯಲ್ಲಿ 6ನೇ ಸ್ಥಾನ, ಸ್ಥಾನದ ಕಾಲಂನಲ್ಲಿ 6. ಮೂರು ಸಲದ ಚಾಂಪಿಯನ್‌ನಿಂದ 16 ಅಂತ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದವರಿಗೆ ಹತ್ತು ಅಂಕ ಒಂದೇ ಏಟಿಗೆ ಹೋಯ್ತು.

ಸೀಡ್ ನೋಡಿ ಅಂಕ ಊಹಿಸೋವಾಗಲೂ ಗಾಯ ನೆನಪಿರಲಿ. 2024ರಲ್ಲಿ ಸ್ಟಾರೋಚಿ ಮಂಡಿ ನೋವಿಂದ ಬಿಗ್ ಟೆನ್‌ನಲ್ಲಿ (ಪೆನ್ ಸ್ಟೇಟ್ ಇರೋ ಕಾಲೇಜು ಗುಂಪಿನ ಟೂರ್ನಿ) ಕುಸ್ತಿ ಬಿಟ್ಟುಕೊಟ್ಟಿದ್ದಕ್ಕೆ ಎನ್‌ಸಿಎಎಯಲ್ಲಿ 9ನೇ ಸೀಡ್ ಸಿಕ್ತು. ಬ್ರಾಕೆಟ್‌ನಲ್ಲಿ 9 ಅಂದ್ರೆ ಎರಡನೇ ಸುತ್ತಲ್ಲಿ 8ರ ದಾರಿ, ಕ್ವಾರ್ಟರ್‌ನಲ್ಲಿ 1ರ ದಾರಿ. ಸೀಡ್ ಪ್ರಕಾರ ಲೆಕ್ಕ ಹಾಕೋ ಹಾಳೆ ಅವನಿಗೆ ಸ್ಥಾನದ ಅಂಕವನ್ನೇ ಕೊಡಲ್ಲ. ಅವನು 174ರ ಚಾಂಪಿಯನ್ ಆದ.

ಇನ್ನೂ 1 ಅಂಕ ಎಲ್ಲಾದರೂ ಕಮ್ಮಿ ಬರ್ತಿದ್ರೆ ಕ್ರೀಡಾಮನೋಭಾವಕ್ಕೆ ವಿರುದ್ಧ ನಡೆದದ್ದಕ್ಕೆ ದಂಡ ಬಿದ್ದಿದೆಯಾ ನೋಡಿ. ಸೋತ ಸಿಟ್ಟಲ್ಲಿ ಹೆಡ್‌ಗೇರ್ ಎಸೆದರೂ ತಂಡದ ಖಾತೆಯಿಂದ 1 ಹೋಗಬಹುದು. ಅದು ಆ ಕುಸ್ತಿಯ ಸ್ಕೋರ್‌ನಲ್ಲಿ ಕಾಣಲ್ಲ, ತಂಡದ ಪಟ್ಟಿಯಲ್ಲಿ ಮಾತ್ರ.