'ಹ್ಞೂಂ ಸರ್' ಅನ್ನುವ ಇಂಟರ್ನ್‌ಗಳಿಗೆ ಕೆಲಸ ಕಲಿಸುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಕಾಳು ವಿಂಗಡಿಸುವ ಕಾರ್ಖಾನೆ) ಲ್ಯಾಬ್‌ನಲ್ಲಿದ್ದೇನೆ. ಇಬ್ಬರು ಬಿ.ಎಸ್ಸಿ. ಹುಡುಗಿಯರು ಎರಡು ತಿಂಗಳ ಇಂಟರ್ನ್‌ಶಿಪ್‌ಗೆ ಬಂದಿದ್ದಾರೆ. ಸೀಸನ್ ಬೇರೆ, ಗೇಟಿನ ತನಕ ಲಾರಿ. ಏನು ಹೇಳಿದರೂ 'ಹ್ಞೂಂ ಸರ್' ಅನ್ನುತ್ತಾರೆ, ಆಮೇಲೆ ನೋಡಿದರೆ ತಪ್ಪು. ಕೊನೆಗೆ ನಾನೇ ಮಾಡಿಕೊಳ್ಳುತ್ತೇನೆ, ಅವರು ಸುಮ್ನೆ ಕೂತಿರುತ್ತಾರೆ. ಏನು ಮಾಡಲಿ?

ಉತ್ತರ: ಸರ್, ಹಾಸನದಲ್ಲಿ ಇದೇ ಕೆಲಸದಲ್ಲಿ 19 ವರ್ಷ ಇದ್ದವಳು ನಾನು. 'ಹ್ಞೂಂ' ಅಂದರೆ ಅರ್ಥವಾಯಿತು ಅಂತಲ್ಲ. ತಿರುಗಿ ಕೇಳೋಕೆ ಭಯ, ಅಷ್ಟೇ.

ಒಬ್ಬ ಹುಡುಗಿಗೆ ತೇವಾಂಶ ನೋಡಲು ಹೇಳಿದ್ದೆ. ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ತಿರುಳು ತೆಗೆದು ಒಣಗಿಸಿದ ಕಾಫಿ, 10 ಪರ್ಸೆಂಟ್‌ಗೆ ಒಣಗಿರಬೇಕು ಅಲ್ವಾ? ರಿಜಿಸ್ಟರ್‌ನಲ್ಲಿ ಸಾಲಾಗಿ 10.1, 10, 10.2 ಅಂತ ಬರೆದಿದ್ದಳು. ಸಂಜೆ ಒಂದು ಚೀಲಕ್ಕೆ ಕೈ ಹಾಕಿದೆ, ಒಳಗೆ ತಣ್ಣಗಿತ್ತು. ಕಾಳು ಕಚ್ಚಿದರೆ ಮೆತ್ತಗೆ. ನೋಡಿದರೆ ಮೀಟರ್ ಇನ್ನೂ ರೋಬಸ್ಟಾ ಚೆರಿ (ಹಣ್ಣನ್ನು ಹಾಗೆಯೇ ಒಣಗಿಸಿದ ಕಾಫಿ) ಸೆಟ್ಟಿಂಗ್‌ನಲ್ಲಿತ್ತು. "ಬೆಳಿಗ್ಗೆಯಿಂದ ಅನುಮಾನ ಇತ್ತು ಮೇಡಂ. ಎರಡು ಸಲ ಬಂದೆ, ನೀವು ಫೋನಲ್ಲಿದ್ರಿ" ಅಂದಳು. ಆ ತಪ್ಪು ನನ್ನದು, ಅವಳದಲ್ಲ.

ಆವತ್ತಿನಿಂದ ಮೊದಲ ಲಾರಿ ಬಿಚ್ಚುವ ಮುಂಚೆ 15 ನಿಮಿಷ ಮಕ್ಕಳಿಗೇ ಮೀಸಲಿಟ್ಟೆ. ಫೋನ್ ದೂರ ಇಟ್ಟು, ಹಿಂದಿನ ದಿನದ ಅವರ ನೋಟ್‌ಬುಕ್ ನೋಡುತ್ತಿದ್ದೆ. 'ಅರ್ಥ ಆಯ್ತಾ?' ಅಂತ ಕೇಳಬೇಡಿ. 'ಮೊದಲು ಏನು ಮಾಡ್ತೀಯಮ್ಮ, ಹೇಳು' ಅನ್ನಿ. ಎಲ್ಲಿ ತಡವರಿಸುತ್ತಾರೋ ಅಲ್ಲೇ ಕಲಿಸಬೇಕು.

ಇನ್ನೊಂದು, ಕೆಲಸವನ್ನು ಚೂರು ಚೂರಾಗಿ ಕೊಡಬೇಡಿ. ಒಬ್ಬ ಬೆಳೆಗಾರರ ಒಂದು ಲಾಟ್ ಪೂರ್ತಿ ಅವರಿಗೇ ಬಿಡಿ. ಸ್ಯಾಂಪಲ್ ತೆಗೆಯುವುದು, ತೇವಾಂಶ, ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಸಿಗುವ ಕಾಳಿನ ತೂಕ), ಗ್ರೇಡ್, ವರದಿ ಎಲ್ಲಾ. ಮೊದಲ ವಾರ ಅದೇ ಸ್ಯಾಂಪಲ್ಲನ್ನು ನೀವೂ ಬೇರೆಯಾಗಿ ಮಾಡಿ, ಎರಡೂ ಲೆಕ್ಕ ಪಕ್ಕಪಕ್ಕ ಇಡಿ. 50 ಕಿಲೋ ರೋಬಸ್ಟಾ ಚೆರಿಗೆ ನಿಮಗೆ 27 ಕಿಲೋ ಕಾಳು ಬಂದು ಅವರಿಗೆ 26 ಬಂದರೆ, ಆ ಒಂದು ಕಿಲೋ ಎಲ್ಲಿ ಹೋಯಿತು ಅಂತ ಇಬ್ಬರೂ ಕೂತು ಹುಡುಕಿ. ಅದು ಯಾರದೋ ತೋಟದ ವರ್ಷದ ದುಡಿಮೆ ಅಂತ ಹೇಳಿ. ಈ ಮಾತು ಹೇಳಿದ ಮೇಲೆ ತಕ್ಕಡಿ ನೋಡುವ ಅವರ ಕಣ್ಣೇ ಬದಲಾಗಿದ್ದನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ನಿನ್ನೆ ಗ್ರೇಡ್ ಚೀಟಿ ಅದಲುಬದಲಾಯಿತು ಅಂತ ಎಲ್ಲರೆದುರು ಬೈದುಬಿಟ್ಟೆ ಮೇಡಂ. ಇವತ್ತು ಒಬ್ಬಳು ಬಂದಿಲ್ಲ.

ಉತ್ತರ: ಇವತ್ತೇ ಫೋನ್ ಮಾಡಿ ಸರ್. ಬಂದ ಮೇಲೆ, ಯಾರೆದುರು ಬೈದಿರೋ ಅವರೆದುರೇ 'ಜಾಸ್ತಿ ಮಾತಾಡಿದೆ' ಅನ್ನಿ. ತಪ್ಪನ್ನು ಆಮೇಲೆ ಒಬ್ಬಳನ್ನೇ ಕೂರಿಸಿಕೊಂಡು ತೋರಿಸಿ. ಜರಡಿಯನ್ನೇ ಕೈಗೆ ಕೊಡಿ. ಪ್ಲಾಂಟೇಶನ್ ಎಎ ಗ್ರೇಡಿನ ಜರಡಿಯ ತೂತು 7.10 ಮಿ.ಮೀ., ಎ ಗ್ರೇಡಿನದು 6.65. ಕಣ್ಣಿಗೆ ಆ ವ್ಯತ್ಯಾಸ ಸುಲಭಕ್ಕೆ ಸಿಗುವುದಿಲ್ಲ, ಎಷ್ಟೋ ಹಳಬರಿಗೂ ಸಿಗುವುದಿಲ್ಲ.

ಈ ಪ್ರಶ್ನೋತ್ತರದ ಗುಂಪಿನ ಇನ್ನೊಬ್ಬರು: ನಾನು ಗಾರ್ಬ್ಲಿಂಗ್, ಅಂದರೆ ಕೆಟ್ಟ ಕಾಳು ಕೈಯಲ್ಲಿ ಆರಿಸುವ ವಿಭಾಗ ನೋಡಿಕೊಳ್ಳುವವಳು. ಎರಡು ದಿನ ಆ ಮಕ್ಕಳನ್ನು ಕಾಳು ಆರಿಸುವ ಹೆಂಗಸರ ಪಕ್ಕ ಕೂರಿಸಿ ಸರ್. ಬ್ಲ್ಯಾಕ್ ಬೀನ್ (ಕಪ್ಪಾದ ಕಾಳು), ಬೋರರ್ ಹುಳ ಹೊಡೆದ ಕಾಳು ಕೈಯಲ್ಲೇ ಗೊತ್ತಾಗುತ್ತೆ. ಹಲ್ಲರ್ (ಸಿಪ್ಪೆ ತೆಗೆಯುವ ಯಂತ್ರ) ಹತ್ತಿರ ಹೋಗುವಾಗ ಜಡೆ ಕಟ್ಟಿ, ದುಪಟ್ಟಾ ತೆಗೆದಿಡಲು ಮೊದಲ ದಿನವೇ ಹೇಳಿ.

ಉತ್ತರ: ಹೌದು, ಒಳ್ಳೆಯ ಮಾತು. ಜೊತೆಗೆ, ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ತರಬೇತಿಗೆ ಬಂದವರಿಗೂ ಅನ್ವಯಿಸುತ್ತದೆ. 10 ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದರಲ್ಲಿ ಯಾರಿದ್ದಾರೆ ಅಂತ ಮಕ್ಕಳಿಗೆ ತಿಳಿಸಿ. ಮತ್ತೆ, ಕಾಲೇಜಿನ ಡೈರಿಗೆ ಕೊನೆಯ ದಿನ ಒಟ್ಟಿಗೆ ಸಹಿ ಹಾಕಬೇಡಿ. ಪ್ರತಿ ಶನಿವಾರ ಓದಿ, ಕೆಳಗೆ ಎರಡು ಸಾಲು ನಿಮ್ಮ ಕೈಯಲ್ಲೇ ಬರೆಯಿರಿ.