ಎಸ್ಸೆಸ್ಸೆಲ್ಸಿ ಮುಗಿಸಿದ ತಮ್ಮನಿಗೆ ಮೂರು ತಿಂಗಳ ಉಚಿತ ತರಬೇತಿಯೋ, ಐಟಿಐ ಫಿಟ್ಟರ್ ಸೀಟೋ?

ರಾಣೆಬೆನ್ನೂರಿನ ಅಕ್ಕ:
ನಮಸ್ಕಾರ. ನನ್ನ ತಮ್ಮ ಈ ವರ್ಷ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ. ಓದಿನಲ್ಲಿ ಸಾಧಾರಣ, ಕೈಕೆಲಸದಲ್ಲಿ ಚುರುಕು. ಪಂಪ್‌ಸೆಟ್ ಕೆಟ್ಟರೆ ಮೆಕ್ಯಾನಿಕ್ ಬರುವ ಮೊದಲೇ ಬಿಚ್ಚಿ, ಗೋಣಿಚೀಲದ ಮೇಲೆ ಹರವಿಕೊಂಡು ಕುಳಿತಿರುತ್ತಾನೆ. ನಮ್ಮದು ಎರಡು ಎಕರೆ ಗೋವಿನಜೋಳದ ಹೊಲ, ಅದನ್ನೇ ನಂಬಿದರೆ ಆಗದು.

ಪೇಟೆಯ ಖಾಸಗಿ ತರಬೇತಿ ಕೇಂದ್ರದವರು ಮನೆಗೇ ಬಂದಿದ್ದರು. ಸರ್ಕಾರದ ಯೋಜನೆ, ಮೂರು ತಿಂಗಳು, ಶುಲ್ಕವಿಲ್ಲ, ಮುಗಿದ ಮೇಲೆ ಬೆಂಗಳೂರಿನಲ್ಲಿ ಕೆಲಸ ಎಂದರು. ಅವ್ವನಿಗೆ ಅದೇ ಸರಿ ಎನಿಸಿದೆ. ನನಗೆ ಹೆದರಿಕೆ. ದೊಡ್ಡಪ್ಪನ ಮಗ ಇಂಥದ್ದೇ ತರಬೇತಿ ಮುಗಿಸಿ ಬೆಂಗಳೂರಿಗೆ ಹೋದವನು ಏಳನೇ ವಾರಕ್ಕೆ ವಾಪಸ್ ಬಂದ. ರೂಮ್ ಬಾಡಿಗೆ, ಊಟ ಕಳೆದರೆ ಬಸ್ ಚಾರ್ಜಿಗೂ ಉಳಿಯುತ್ತಿರಲಿಲ್ಲ. ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ.

ಇನ್ನೊಂದು ದಾರಿ ಸರ್ಕಾರಿ ಐಟಿಐ. ಅಲ್ಲಿಗೂ ದೊಡ್ಡ ಕಂಪನಿಯ ಸಹಭಾಗಿತ್ವದಲ್ಲಿ ಹೊಸ ಯಂತ್ರಗಳು ಬಂದಿವೆಯಂತೆ. ಎರಡು ಕಡೆಯೂ ಸರ್ಕಾರ ಮತ್ತು ಖಾಸಗಿ ಸೇರಿಯೇ ನಡೆಸುವುದಾದರೆ ವ್ಯತ್ಯಾಸವನ್ನು ತಿಳಿಯುವುದು ಹೇಗೆ?

ನಿವೃತ್ತ ಫಿಟ್ಟರ್ ಬೋಧಕ:
ತಂಗಿ, ಇಪ್ಪತ್ತೊಂಬತ್ತು ವರ್ಷ ಸರ್ಕಾರಿ ಐಟಿಐಗಳಲ್ಲಿ ಫಿಟ್ಟರ್ ಟ್ರೇಡ್, ಅಂದರೆ ಲೋಹದ ಭಾಗಗಳನ್ನು ಅಳತೆಗೆ ತಕ್ಕಂತೆ ಉಜ್ಜಿ ಜೋಡಿಸುವ ಕೆಲಸ, ಕಲಿಸಿದವನು ನಾನು. ಎರಡರಲ್ಲೂ ಖಾಸಗಿಯವರಿದ್ದಾರೆ, ನಿಜ. ಆದರೆ ಅವರಿಗೆ ಹಣ ಯಾವಾಗ ಸಿಗುತ್ತದೆ ಎಂಬುದನ್ನು ನೋಡಬೇಕು.

ಇಂಥ ಉಚಿತ ಅಲ್ಪಾವಧಿ ತರಬೇತಿ ಕೊಡಿಸುವ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ 2015ರಲ್ಲಿ ಆರಂಭವಾಯಿತು. ಅದರ 2016ರಿಂದ 2020ರವರೆಗಿನ ಹಂತದಲ್ಲಿ ತರಬೇತಿ ಕೇಂದ್ರಕ್ಕೆ ಶೇ 30ರಷ್ಟು ಹಣ ತರಗತಿ ಶುರುವಾದಾಗ, ಶೇ 50 ಪ್ರಮಾಣಪತ್ರ ಸಿಕ್ಕಾಗ, ಉಳಿದ ಶೇ 20 ಕೆಲಸ ಸಿಕ್ಕಿದ್ದು ಖಚಿತವಾದ ಮೇಲೆ ಎಂಬ ಲೆಕ್ಕವಿತ್ತು. ಹುಡುಗ ಕೆಲಸಕ್ಕೆ ಸೇರುವ ಮೊದಲೇ ನೂರಕ್ಕೆ ಎಂಬತ್ತು ಕೈಸೇರಿರುತ್ತಿತ್ತು. ಉಳಿದ ಇಪ್ಪತ್ತಕ್ಕಾಗಿ ಬೆಂಗಳೂರಿನವರೆಗೆ ಅವನ ಹಿಂದೆ ಹೋಗಿ ಊಟ, ವಸತಿ ವಿಚಾರಿಸುವವರು ಎಷ್ಟು ಮಂದಿ? ಪ್ರಾಮಾಣಿಕವಾಗಿ ನಡೆಸಿದವರನ್ನೂ ಕಂಡಿದ್ದೇನೆ. ಆದರೆ ಆ ಪ್ರಾಮಾಣಿಕತೆ ಅವರ ಸ್ವಭಾವದಿಂದ ಬಂದದ್ದು, ಯೋಜನೆಯ ಲೆಕ್ಕದಿಂದಲ್ಲ. ನಿಮ್ಮ ದೊಡ್ಡಪ್ಪನ ಮಗನ ವಿಷಯ ಓದಿ ಸಂಕಟವಾಯಿತು. ಅವನದು ತಪ್ಪಲ್ಲ.

ಐಟಿಐಗಳಲ್ಲಿ ಸಹಭಾಗಿತ್ವ ಎಂಬ ಮಾತು ಜೋರಾದದ್ದು 2007ರಲ್ಲಿ. ದೇಶದ 1,396 ಸರ್ಕಾರಿ ಐಟಿಐಗಳಿಗೆ ತಲಾ ಎರಡೂವರೆ ಕೋಟಿ ರೂಪಾಯಿ ಬಡ್ಡಿಯಿಲ್ಲದ ಸಾಲ, ಆಡಳಿತ ಸಮಿತಿಗೆ ಒಬ್ಬ ಉದ್ಯಮಿ ಅಧ್ಯಕ್ಷ ಎಂಬ ಯೋಜನೆ ಅದು. ನಾನಿದ್ದ ಒಂದು ಕಡೆ ಸಮಿತಿ ಸೇರಿದ್ದೇ ಅಪರೂಪ, ಹಣ ಬಹಳ ಕಾಲ ಬ್ಯಾಂಕಿನಲ್ಲೇ ಕುಳಿತಿತ್ತು. ಇನ್ನೊಂದು ಕಡೆಯ ಅಧ್ಯಕ್ಷರು ಪ್ರತಿ ಶನಿವಾರ ತಮ್ಮ ಕಾರ್ಖಾನೆಯ ಹಿರಿಯ ಕೆಲಸಗಾರರೊಬ್ಬರನ್ನು ಕಳುಹಿಸುತ್ತಿದ್ದರು. ಆ ಯಜಮಾನರು ಭಾಷಣ ಮಾಡಿದವರಲ್ಲ. ಹುಡುಗ ಅರದಿಂದ ಉಜ್ಜಿದ ಉಕ್ಕಿನ ತುಂಡನ್ನು ಎತ್ತಿಕೊಂಡು, ಅದರ ಅಂಚಿಗೆ ಲಂಬಕೋನ ನೋಡುವ ಟ್ರೈಸ್ಕ್ವೇರ್ ಇಟ್ಟು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಸಂದಿನಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ ಮಾತಿಲ್ಲದೆ ತುಂಡನ್ನು ವಾಪಸ್ ಬಿಗಿಹಿಡಿಯುವ ವೈಸ್‌ಗೆ ಕಟ್ಟುತ್ತಿದ್ದರು. ಹುಡುಗ ಮತ್ತೆ ಉಜ್ಜಬೇಕು. ಆ ಬ್ಯಾಚಿನ ಹುಡುಗರು ಇಂದಿಗೂ ನನಗೆ ಫೋನ್ ಮಾಡಿದರೆ ಮೊದಲು ಕೇಳುವುದು ಅವರನ್ನೇ.

ರಾಜ್ಯದಲ್ಲಿ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿದ್ದಾರೆ. 2022ರ ಜೂನ್‌ನಲ್ಲಿ ಉದ್ಘಾಟನೆಯಾಯಿತು, ವೆಚ್ಚ 4,700 ಕೋಟಿ ರೂಪಾಯಿಗೂ ಹೆಚ್ಚು. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ, ರೋಬಾಟ್, ವಿದ್ಯುತ್ ವಾಹನದ ಕೆಲಸ ಎಲ್ಲವೂ ಅದರಲ್ಲಿದೆ. ಹಳ್ಳಿಯ ಹುಡುಗ ಆ ಯಂತ್ರದ ಮುಂದೆ ನಿಲ್ಲುವುದೇ ನಮ್ಮ ಕಾಲದಲ್ಲಿ ಕನಸಾಗಿತ್ತು. ನೀವು ಹೋಗಿ ಯಂತ್ರವನ್ನು ಮಾತ್ರ ನೋಡಬೇಡಿ, ಅದರ ಕೆಳಗಿನ ತಟ್ಟೆಯನ್ನು ನೋಡಿ. ಹೊಸ ಲೋಹದ ಚೂರುಗಳಿದ್ದರೆ ಯಂತ್ರ ಓಡುತ್ತಿದೆ. ಧೂಳಿದ್ದರೆ ಲೋಹ ಕತ್ತರಿಸುವ ಅಲಗು (ಇನ್ಸರ್ಟ್) ಕೊಳ್ಳಲು ಹಣವಿಲ್ಲ, ಇಲ್ಲವೇ ಕಲಿಸುವವರಿಲ್ಲ.

ಪೀಣ್ಯ ವರ್ಕ್‌ಶಾಪ್:
ಹನ್ನೆರಡು ಜನರ ಸಣ್ಣ ಘಟಕ ನಡೆಸುತ್ತೇನೆ. ಗುರುಗಳ ಮಾತಿಗೆ ನಮ್ಮ ಕಡೆಯ ತಪ್ಪನ್ನೂ ಸೇರಿಸುತ್ತೇನೆ. ಕೆಲಸ ಬಲ್ಲ ಹುಡುಗರು ಸಿಗುವುದಿಲ್ಲ ಎಂದು ಎಲ್ಲ ಸಭೆಗಳಲ್ಲಿ ದೂರುವ ನಾವು ಒಬ್ಬ ಅಪ್ರೆಂಟಿಸ್‌ನನ್ನು ತೆಗೆದುಕೊಳ್ಳಲು ಹಿಂಜರಿಯುತ್ತೇವೆ. ಕೇಂದ್ರ ಸರ್ಕಾರ ಸ್ಟೈಪೆಂಡಿನ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿಯವರೆಗೆ, ಭರಿಸುತ್ತದೆ. ಆದರೂ ಕಲಿಸುವಷ್ಟು ಹೊತ್ತು ಒಬ್ಬ ಒಳ್ಳೆಯ ಕೆಲಸಗಾರನ ಕೈ ನಿಲ್ಲುತ್ತದೆ. ಆ ನಷ್ಟವನ್ನು ಒಪ್ಪಿಕೊಂಡ ಮಾಲೀಕನೇ ನಿಜವಾದ ಪಾಲುದಾರ. ನಿಮ್ಮ ತಮ್ಮ ಐಟಿಐ ಸೇರಿದರೆ ಅಲ್ಲಿ ದ್ವಂದ್ವ ತರಬೇತಿ ವ್ಯವಸ್ಥೆ, ಅಂದರೆ ಡಿಎಸ್‌ಟಿ, ಇದೆಯೇ ಎಂದು ಕೇಳಿ. ಇದ್ದರೆ ಅವನು ಕೋರ್ಸಿನ ಕೆಲವು ತಿಂಗಳನ್ನು ಕಾರ್ಖಾನೆಯಲ್ಲೇ ಕಳೆಯುತ್ತಾನೆ.

ಉಜಿರೆಯಲ್ಲಿ ಕಲಿತವಳು:
ಅಕ್ಕ, ಕಡಿಮೆ ಅವಧಿಯ ತರಬೇತಿಯೆಲ್ಲ ಸುಳ್ಳು ಎಂದುಕೊಳ್ಳಬೇಡಿ. ನಾನು ಉಜಿರೆಯ ರುಡ್‌ಸೆಟ್‌ನಲ್ಲಿ ಊಟ, ವಸತಿಯೊಂದಿಗೆ ಉಚಿತವಾಗಿ ಹೊಲಿಗೆ ಕಲಿತೆ. ಧರ್ಮಸ್ಥಳದ ಟ್ರಸ್ಟ್ ಮತ್ತು ಬ್ಯಾಂಕುಗಳು ಸೇರಿ 1982ರಲ್ಲಿ ಕಟ್ಟಿದ ಸಂಸ್ಥೆ ಅದು. ಕಲಿತದ್ದು ಕೆಲವೇ ವಾರ, ಆದರೆ ಆಮೇಲೆ ಎರಡು ವರ್ಷ ವಿಚಾರಿಸುತ್ತಲೇ ಇದ್ದರು. ಒಮ್ಮೆ ಅಂಗಡಿಗೇ ಬಂದು ಲೆಕ್ಕದ ಪುಸ್ತಕ ತೆರೆಸಿ ನೋಡಿದರು. ಅದೇ ಮಾದರಿಯ ಆರ್‌ಸೆಟಿ (ಗ್ರಾಮೀಣ ಸ್ವಉದ್ಯೋಗ ತರಬೇತಿ) ಕೇಂದ್ರಗಳು ಈಗ ಬೇರೆ ಜಿಲ್ಲೆಗಳಲ್ಲೂ ಇವೆ. ಆದರೆ ಅವು ಸ್ವಂತ ಉದ್ಯೋಗ ಮಾಡುವವರಿಗೆ. ತಮ್ಮನಿಗೆ ಇನ್ನೂ ಚಿಕ್ಕ ವಯಸ್ಸು, ಮೊದಲು ಫಿಟ್ಟರ್ ಕಲಿಯಲಿ.

ರಾಣೆಬೆನ್ನೂರಿನ ಅಕ್ಕ:
ಎಲ್ಲರಿಗೂ ಧನ್ಯವಾದ. ನಿನ್ನೆ ಅವ್ವ, ತಮ್ಮ, ನಾನು ಮೂವರೂ ಹೋಗಿದ್ದೆವು. ತರಬೇತಿ ಕೇಂದ್ರದಲ್ಲಿ ಹಳೆಯ ವಿದ್ಯಾರ್ಥಿಗಳ ಫೋನ್ ನಂಬರ್ ಕೇಳಿದೆ, ಕೊಡಲಿಲ್ಲ. ಐಟಿಐಯಲ್ಲಿ ತಟ್ಟೆ ನೋಡಿದೆ, ಸುರುಳಿ ಸುರುಳಿ ಚೂರುಗಳಿದ್ದವು, ಕತ್ತರಿಸುವಾಗ ತಂಪಿಗೆ ಸುರಿಯುವ ಕೂಲೆಂಟಿನ ಹಸಿ ಇನ್ನೂ ಇತ್ತು. ತಮ್ಮ ಒಂದು ಸುರುಳಿಯನ್ನು ಜೇಬಿಗೆ ಹಾಕಲು ಹೋದಾಗ ಬೋಧಕರು, ಕೈ ಕೊಯ್ಯುತ್ತದೆ ಎಂದು ತಡೆದು ಅವನ ಹೆಸರು ಕೇಳಿದರು. ಅವ್ವ ಒಪ್ಪಿದ್ದಾಳೆ.

ನಿವೃತ್ತ ಫಿಟ್ಟರ್ ಬೋಧಕ:
ಬಹಳ ಸಂತೋಷ, ತಂಗಿ. ಅರ್ಜಿಯ ಕೊನೆಯ ದಿನದವರೆಗೆ ಕಾಯಬೇಡಿ. ಜಾತಿ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ನಾಳೆಯೇ ನಾಡಕಚೇರಿಗೆ ಹೋಗಿ. ಆಯ್ಕೆಯಲ್ಲಿ ಫಿಟ್ಟರ್ ಮೊದಲು, ಟರ್ನರ್ (ಲೇತ್ ಯಂತ್ರದ ಕೆಲಸ) ಎರಡನೆಯದು ಎಂದು ಹಾಕಿಸಿ.