ಹಳೇ ಮೌಸ್ ಒಂದ ಹಬ್ಬಿಗೆ ಹಚ್ಚಿದ್ರ ಹಾರ್ಡ್ ಡಿಸ್ಕೂ ನಿಧಾನ ಆಗ್ತೈತೇನ್ರಿ?

ಗುಮ್ಮಟ ಸ್ಟುಡಿಯೋ, ವಿಜಯಪುರ

ನಮಸ್ಕಾರ್ರೀ ಎಲ್ಲಾರಿಗೂ. ಗೋಲಗುಮ್ಮಟದ ಕಡೆ ನಂದೊಂದು ಸಣ್ಣ ಫೋಟೋ ಸ್ಟುಡಿಯೋ ಐತಿ. ಮದುವಿ ಸೀಜನ್ನಿನಾಗ ದಿನಾ 60-65 ಜಿಬಿ ಫೋಟೋ ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಬೇಕು. ನೀಲಿ ಪೋರ್ಟಿನ ಯುಎಸ್‌ಬಿ 3.0 ಹಬ್ (ಕಂಪ್ಯೂಟರಿನ ಒಂದು ಪೋರ್ಟನ್ನ ನಾಕಾರು ಮಾಡೂ ಡಬ್ಬಿ) ಒಂದೈತಿ, ಅದಕ್ಕ ಹಾರ್ಡ್ ಡಿಸ್ಕ್, ಕೀಬೋರ್ಡ್, ನಮ್ಮಪ್ಪನ ಕಾಲದ ವೈರ್ ಮೌಸ್ ಎಲ್ಲಾ ಹಚ್ಚೀನಿ. ಮೊದಲ 10 ನಿಮಿಷದಾಗ ಕಾಪಿ ಮುಗೀತಿತ್ತು, ಈಗ ಅರ್ಧಾ ತಾಸು ಹಿಡೀತೈತಿ. ಸೆಕೆಂಡಿಗೆ 36 ಎಂಬಿ ಮ್ಯಾಲ ಏರವಲ್ದು. ನಮ್ಮ ಕಾಕಾ ಅಂತಾರ, “ಜೋರು ಎತ್ತಿನ ಜೋಡಿ ಮುದಿ ಎತ್ತು ಹೂಡಿದ್ರ ಗಾಡಿ ಮುದಿ ಎತ್ತಿನ ನಡಿಗೀಲೇನ ಹೋಗ್ತೈತಿ, ಮೊದಲ ಆ ಮೌಸ್ ಕಿತ್ತು ಒಗಿ.” ಖರೇ ಏನ್ರಿ?

ಉದ್ಯಮಬಾಗ ರಿಪೇರಿ, ಬೆಳಗಾವಿ

ಕಾಕಾರ ಮಾತು ಒಂದು ಕಾಲಕ್ಕ ಖರೇನ ಇತ್ರಿ. 1998ರ ಯುಎಸ್‌ಬಿ 1.1 ಹಬ್ಬಿನಾಗ ಮೌಸ್ 1.5 ಎಂಬಿಪಿಎಸ್‌ನಾಗ (ಎಂಬಿಪಿಎಸ್ ಅಂದ್ರ ಸೆಕೆಂಡಿಗೆ ಮೆಗಾಬಿಟ್, 8 ಮೆಗಾಬಿಟ್ ಕೂಡಿದ್ರ 1 ಎಂಬಿ) ಮಾತಾಡುವಾಗ, 12 ಎಂಬಿಪಿಎಸ್ ಸಾಮಾನು ಸುಮ್ಮನ ಕಾಯಬೇಕಾಗ್ತಿತ್ತು. ದಾರಿ ಒಂದ, ಸರದಿ ಒಂದ.

2000ದಾಗ ಯುಎಸ್‌ಬಿ 2.0 ಬಂತು, 480 ಎಂಬಿಪಿಎಸ್. ಆಗ ಹಬ್ಬಿನೊಳಗ ಟ್ರಾನ್ಸಾಕ್ಷನ್ ಟ್ರಾನ್ಸ್‌ಲೇಟರ್ ಅಂತ ಒಂದು ಭಾಗ ಕುಂಡ್ರಿಸಿದ್ರು. ನಾವು ಜೋಳದ ಚೀಲ ಗಿರಣ್ಯಾಗ ಇಟ್ಟು ಸಂತಿಗೆ ಹೋಗ್ತೀವಲ್ಲ, ಹಂಗ. ಕಂಪ್ಯೂಟರ್ 480ರ ವೇಗದಾಗ ಬಂದು “ಮೌಸಿಗೆ ಇದನ್ನ ಕೇಳು” ಅಂತ ಹಬ್ಬಿಗೆ ಹೇಳಿ ಮುಂದಿನ ಕೆಲಸಕ್ಕ ಹೋಗ್ತೈತಿ. ಹಬ್ ತನ್ನ ಪಾಡಿಗೆ ಮೌಸಿನ ಜೋಡಿ 1.5ರಾಗ ಮಾತಾಡಿ ಉತ್ತರ ತಗೊಂಡಿಟ್ಟಿರ್ತೈತಿ. ಕಂಪ್ಯೂಟರ್ ಹೊಳ್ಳಿ ಬರೂವಾಗ ಹಿಟ್ಟು ತಯಾರ.

ಇದು ಮೌಸು, ನಿಧಾನದ್ದು ಅಂತ ಹಬ್ಬಿಗೆ ಹೆಂಗ ಗೊತ್ತಾಗ್ತೈತಿ? ನನಗ ಭಾಳ ಹಿಡಿಸಿದ್ದು ಇದ. ಕೇಬಲ್ ಸೀಳಿದ್ರ ಕೆಂಪು, ಕರಿ, ಹಸರು, ಬಿಳಿ ನಾಕು ವೈರ್. ಡೇಟಾ ಹೋಗೂದು ಹಸರು-ಬಿಳಿಯೊಳಗ. ಮೌಸಿನಾಗ ಬಿಳಿ ವೈರಿಗೆ 1.5 ಕಿಲೋ ಓಮ್ ರೆಸಿಸ್ಟರ್ ಇರ್ತೈತಿ, ಹಚ್ಚಿದ ಕೂಡಲೆ ಬಿಳಿಯೊಳಗ ವೋಲ್ಟೇಜ್ ಏರ್ತೈತಿ. 12ರ ಸಾಮಾನಿದ್ರ ಹಸರಿನೊಳಗ ಏರ್ತೈತಿ. 480ರದ್ದು ಮೊದಲ 12ರದ್ದರಂಗ ಬಂದು, ಆಮ್ಯಾಲ ಸಣ್ಣ ಸಿಗ್ನಲ್ ಕೊಟ್ಟು “ನಾ ಜೋರ್ ಓಡ್ತೀನಿ” ಅಂತೈತಿ. ಹಬ್ಬೂ ಹೂಂ ಅಂದ್ರ ಇಬ್ರೂ ವೇಗ ಏರಿಸ್ತಾರ.

ನಿಮ್ಮ ನೀಲಿ ಹಬ್ಬಿನಾಗಂತೂ ಎರಡು ಹಬ್ ಅದಾವ, ಒಂದು 2.0ದ್ದು, ಒಂದು 5,000 ಎಂಬಿಪಿಎಸ್, ಅಂದ್ರ 5 ಜಿಬಿಪಿಎಸ್‌ದು. ವೈರೂ ಬ್ಯಾರೆ ಬ್ಯಾರೆ. ಮೌಸು ಡಿಸ್ಕಿನ ದಾರಿ ಮುಟ್ಟೂದ ಇಲ್ಲ. ಆದ್ರ 36 ಎಂಬಿ ಅಂದ ಕೂಡಲೆ ನನಗ ಬ್ಯಾರೆ ಸಂಶಯ ಬಂತು. 480ರ ದಾರ್‍ಯಾಗ ಖರೇ ಸಿಗೂದು ಹೆಚ್ಚು ಕಡಿಮಿ ಅಷ್ಟ. ಡಿಸ್ಕನ್ನ ಸೀದಾ ಕಂಪ್ಯೂಟರಿಗೆ ಹಚ್ಚಿ ನೋಡ್ರಿ. ಮತ್ತ ಹಬ್ಬಿನಿಂದ ಕಂಪ್ಯೂಟರಿಗೆ ಹೋಗೂ ಕೇಬಲ್, ಹಬ್ಬಿನ ಜೋಡಿ ಬಂದದ್ದ ಏನು?

ನವನಗರ ಭಜನಾ ರೆಕಾರ್ಡಿಂಗ್, ಬಾಗಲಕೋಟೆ

ನಡುವ ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. 2.0 ಹಬ್ಬಿಗೆ ಎರಡು ಸೌಂಡ್ ಕಾರ್ಡ್ ಹಚ್ಚಿದ್ರ ನಡೀತಾವ. ಮೂರನೇದು ಹಚ್ಚಿದ್ರ ಒಂದು ಹಾಡಂಗಿಲ್ಲ. ಮೂರೂ 12 ಎಂಬಿಪಿಎಸ್‌ದು. 480 ಐತೆಲ್ಲ, ಯಾಕ ಸಾಲವಲ್ದು?

ಉದ್ಯಮಬಾಗ ರಿಪೇರಿ, ಬೆಳಗಾವಿ

ನಿಮ್ಮ ಹಬ್ಬಿನಾಗ ಗಿರಣಿ, ಅಂದ್ರ ಆ ಟ್ರಾನ್ಸ್‌ಲೇಟರ್, ಒಂದ ಇರಬೇಕ್ರಿ. ಆಗ ಎಲ್ಲಾ 12ರ ಸಾಮಾನು ಕೂಡಿ ಒಂದ 12 ಹಂಚ್ಕೋಬೇಕು. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ ಒಂದು ದಿಕ್ಕಿಗೆ 2.3 ಎಂಬಿಪಿಎಸ್. ಒಳಗ-ಹೊರಗ ಕೂಡಿ 4.6. ಮೂರಕ್ಕ 13.8 ಆತು, ಎಲ್ಲಿಂದ ಹಿಡಿಸ್ತೈತಿ? ಪೋರ್ಟಿಗೊಂದು ಟ್ರಾನ್ಸ್‌ಲೇಟರ್ ಇರೂ ಮಲ್ಟಿ ಟಿಟಿ ಹಬ್ ತಗೋರಿ. ಇಲ್ಲಾಂದ್ರ ಮೂರನೇದನ್ನ ಕಂಪ್ಯೂಟರಿನ ಬ್ಯಾರೆ ಪೋರ್ಟಿಗೆ ಹಚ್ರಿ.

ಗುಮ್ಮಟ ಸ್ಟುಡಿಯೋ, ವಿಜಯಪುರ

ಅಣ್ಣಾರ, ಸೀದಾ ಹಚ್ಚಿದೆ, 110 ಎಂಬಿ ಬಂತು! ಕೇಬಲ್ ಕೇಳಿದ್ರೆಲ್ಲ, ಹಬ್ಬಿನದನ್ನ ಹೋದ ತಿಂಗಳು ಇಲಿ ಕಡೀತು. ಎರಡೂ ಕಡೆ ಮೂತಿ ಹೊಂದ್ತು ಅಂತ ಮೊಬೈಲ್ ಚಾರ್ಜರಿನ ಟೈಪ್-ಸಿ ಕೇಬಲ್ ಹಾಕಿದ್ದೆ. ನಡೀತಲ್ಲ ಅಂತ ಮರತ ಬಿಟ್ಟಿದ್ದೆ.

ಉದ್ಯಮಬಾಗ ರಿಪೇರಿ, ಬೆಳಗಾವಿ

ಸಿಕ್ತು ನೋಡ್ರಿ. ಎರಡೂ ಕೇಬಲ್ಲಿನ, ಕಂಪ್ಯೂಟರಿಗೆ ಹೋಗೂ ದೊಡ್ಡ ಮೂತ್ಯಾಗ ಟಾರ್ಚ್ ಬಿಟ್ಟು ನೋಡ್ರಿ. ಚಾರ್ಜರಿಂದರಾಗ ನಾಕ ಬಂಗಾರದ ಬಣ್ಣದ ಪಟ್ಟಿ ಕಾಣ್ತಾವ. ಇಲಿ ಕಡದದ್ದರಾಗ ಅವುಗಳ ಹಿಂದ, ಒಳಗ, ಇನ್ನೂ ಐದು ಸಣ್ಣವು ಇರ್ತಾವ. 5 ಜಿಬಿಪಿಎಸ್ ಹೋಗೂದು ಆ ಐದರಾಗ. ಅವು ಇಲ್ಲಂದ್ರ ಹಬ್ ಏನೂ ತಕರಾರು ಮಾಡದ 2.0ಕ್ಕ ಇಳದು ಕೆಲಸ ಮಾಡ್ತೈತಿ, ಅದಕ್ಕ ನಿಮಗ ಗೊತ್ತಾಗಿಲ್ಲ. 5 ಜಿಬಿಪಿಎಸ್ ಅಂತ ಬರದಿರೂ ಕೇಬಲ್ ಕೇಳಿ ತಗೋರಿ. ಮೀಟರ್ ಒಳಗಿಂದ ಇದ್ರ ಛಲೋ.

ಗುಮ್ಮಟ ಸ್ಟುಡಿಯೋ, ವಿಜಯಪುರ

ಹೊಸಾ ಕೇಬಲ್ ಬಂತ್ರಿ, ಒಂಬತ್ತೂ ಎಣಿಸಿ ತಗೊಂಡೆ. ಹಬ್ಬಿನ ಮ್ಯಾಲಿಂದ 108 ಎಂಬಿ. ಮೌಸು ಅಲ್ಲೇ ಐತಿ, ಕಾಕಾರ ಮುಂದ ಕುಂತು ಅದರಲೇನ ಕಾಪಿ ಮಾಡಿ ತೋರಿಸಿದೆ. ಅಂಗಡಿ ಹುಡುಗ್ರು ಮೊಬೈಲ್ ಚಾರ್ಜಿಗೆ ಎತ್ಕೊಂಡು ಹೋಗಬಾರ್ದಂತ ಕೇಬಲ್ಲಿಗೆ ಕೆಂಪು ದಾರ ಕಟ್ಟೀನಿ.